ಜೋಳಿಗೆ ಹಿಡಿದ ಬೀಗರು

ಮುಂಡರಗಿಯ ಶೇಂಗಾ ವ್ಯಾಪಾರಿ ಹುಚ್ಚೀರಪ್ಪ ಬಡವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನದನ್ನು ಓದಿ ನೀವು ಕಣ್ಣೀರು ಹಾಕುವ ಅಪಾಯವಿದೆ. ಅವನಿಗೆ ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ ಹೊಲವಿತ್ತು, ಪೇಟೆಯಲ್ಲಿ ಅಂಗಡಿ ಇತ್ತು, ಮನೆಯಲ್ಲಿ ಸಿದ್ದಲಿಂಗವ್ವನಂಥ ಗಟ್ಟಿ ಹೆಂಡತಿ ಇದ್ದಳು. ಇಲ್ಲದ್ದು ಒಂದೇ, ಪರಊರಿನಲ್ಲಿ ಮಲಗುವುದಕ್ಕೆ ರೊಕ್ಕ ಕೊಡುವ ಮನಸ್ಸು. ಕಣ್ಣು ಮುಚ್ಚಿದ ಮೇಲೆ ಅರಮನೆಯೂ ಕಾಣುವುದಿಲ್ಲ, ದನದ ಕೊಟ್ಟಿಗೆಯೂ ಕಾಣುವುದಿಲ್ಲ, ಕಾಣದ ಕೋಣೆಗೆ ಬಾಡಿಗೆ ಯಾಕೆ ಎಂಬುದು ಅವನ ವಾದ. ಈ ವಾದಕ್ಕೆ ಎದುರು ಮಾತಾಡಬಲ್ಲವರು ನಮ್ಮ ತಾಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಹೀಗಾಗಿ ಪುಕ್ಕಟೆ ಬಿಡಾರಗಳ ವಿಷಯದಲ್ಲಿ ಅವನು ದೊಡ್ಡ ಪಂಡಿತನಾಗಿದ್ದ. ಲಕ್ಷ್ಮೇಶ್ವರದ ಮುಸಾಫರಖಾನೆಯಲ್ಲಿ ಯಾವ ಮೂಲೆಗೆ ಗಾಳಿ ಬರುತ್ತದೆ, ಶಿರಹಟ್ಟಿಯ ಮಠದ ಪಡಸಾಲೆಯಲ್ಲಿ ಯಾವ ಕಂಬದ ಬುಡದಲ್ಲಿ ತಿಗಣೆಯಿಲ್ಲ, ಗದಗ ಸ್ಟೇಶನ್ನಿನ ಹತ್ತಿರದ ಧರ್ಮಶಾಲೆಯ ಕಾವಲುಗಾರ ಯಾವ ಹೊತ್ತಿಗೆ ತೂಕಡಿಸುತ್ತಾನೆ, ಎಲ್ಲ ಅವನಿಗೆ ಬಾಯಿಪಾಠ. ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲೂ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲೂ ಮುಂಡರಗಿ ಮುಂಬೈ ಸರಕಾರದಲ್ಲೂ ಇದ್ದ ಕಾಲದಿಂದ ಅವನು ಈ ಎಲ್ಲ ಸೀಮೆಗಳ ಚಾಪೆಗಳ ಮೇಲೆ ಭೇದಭಾವವಿಲ್ಲದೆ ಹೊರಳಿದ್ದ. ಹಿರಿಯರು ಭಾಷಣ ಮಾಡಿ, ಜೈಲು ಕಂಡು ಒಂದು ಮಾಡಿದ ನಾಡನ್ನು ಹುಚ್ಚೀರಪ್ಪ ಮಲಗಿಕೊಂಡೇ ಒಂದು ಮಾಡಿದ್ದ. ಇದಕ್ಕಾಗಿ ಯಾವ ಸಭೆಯೂ ಅವನನ್ನು ಇನ್ನೂ ಸನ್ಮಾನಿಸಿರಲಿಲ್ಲ.

ಆ ವರ್ಷ, ಅಂದರೆ ಕರ್ನಾಟಕ ಒಂದಾದ ವರ್ಷ, ದೀಪಾವಳಿಯ ಆಸುಪಾಸಿನಲ್ಲಿ ಅವನು ಗದಗಿಗೆ ಹೊರಟದ್ದು ಶೇಂಗಾಕ್ಕಾಗಿ ಅಲ್ಲ, ಮಗಳು ಕಸ್ತೂರೆವ್ವನಿಗಾಗಿ. ಬೆಟಗೇರಿಯ ಸೀರೆ ವ್ಯಾಪಾರಿ ಮುದಕಪ್ಪನ ಮಗ ವರ. ಹುಡುಗ ಮುಂಡರಗಿಗೆ ಬಂದು ಕನ್ಯೆ ನೋಡಿ ಒಪ್ಪಿ ಹೋಗಿದ್ದ. ಕಸ್ತೂರೆವ್ವನೂ ಬಾಯಿಬಿಟ್ಟು ಹೇಳದಿದ್ದರೂ ಅಂದಿನಿಂದ ಕನ್ನಡಿ ಬಿಟ್ಟು ಕದಲುತ್ತಿರಲಿಲ್ಲ. ಹಿರಿಯರ ಮಾತು ಗಟ್ಟಿಯಾಗುವುದೊಂದೇ ಬಾಕಿ. ಇದಕ್ಕೂ ಮುಂಚೆ ಲಕ್ಷ್ಮೇಶ್ವರದ ಒಂದು ಸಂಬಂಧ, ಶಿರಹಟ್ಟಿಯ ಒಂದು ಸಂಬಂಧ ಹುಚ್ಚೀರಪ್ಪನ ಬಾಯಿಯ ದೆಸೆಯಿಂದ ಕೈತಪ್ಪಿದ್ದವು. ಆದ್ದರಿಂದ ಸಿದ್ದಲಿಂಗವ್ವ ಗಂಡನಿಗೆ ಬುತ್ತಿ ಕಟ್ಟಿಕೊಡುವಾಗ ಬಹಳ ಮೆತ್ತಗೆ, ಈ ಸಂಬಂಧವೂ ತಪ್ಪಿದರೆ ನೀವು ತಿರುಗಿ ಮನೆಗೆ ಬರುವ ತೊಂದರೆ ತೆಗೆದುಕೊಳ್ಳಬೇಡಿ, ನಿಮಗೆ ಧರ್ಮಶಾಲೆಗಳು ಬೇಕಾದಷ್ಟಿವೆ ಎಂದು ಹೇಳಿದ್ದಳು. ಅವಳು ಮೆತ್ತಗೆ ಮಾತಾಡಿದಾಗ ಹುಚ್ಚೀರಪ್ಪನಿಗೆ ನಡುಕ ಬರುತ್ತಿತ್ತು.

ಬೀಗರಾಗುವವರ ಮನೆಯಲ್ಲೇ ಇಳಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳಬೇಡಿ. ಮಾತು ಗಟ್ಟಿಯಾಗಿ ಸಕ್ಕರೆ ಹಂಚುವ ತನಕ ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ನೀರು ಸಹ ಮುಟ್ಟಬಾರದು ಎಂಬುದು ಹುಚ್ಚೀರಪ್ಪನ ಮನೆತನದ ಕಟ್ಟು. ಧರ್ಮಶಾಲೆಗೆ ಹೋದರೆ ಅಲ್ಲಿ ಕಾಲಿಡಲು ಜಾಗವಿಲ್ಲ. ರಾಜ್ಯೋದಯದ ಉತ್ಸವ ನೋಡಲು ಹಳ್ಳಿಹಳ್ಳಿಯಿಂದ ಬಂದ ಜನ ಮೆಟ್ಟಿಲ ಮೇಲೂ ಹಾಸಿಕೊಂಡು ಮಲಗಿದ್ದರು. ಹುಚ್ಚೀರಪ್ಪ ಯಾವಾಗಲೂ ಮಲಗುವ ಮೂಲೆಯಲ್ಲಿ ಹಿರೇಹಂದಿಗೋಳದ ಒಂದು ಇಡೀ ಭಜನಾ ಮಂಡಳಿ ಗೊರಕೆ ಹೊಡೆಯುತ್ತಿತ್ತು. ಪಕ್ಕದಲ್ಲಿ ಬಾಡಿಗೆಯ ಖೋಲಿಗಳು ಬಾಗಿಲು ತೆರೆದುಕೊಂಡೇ ಇದ್ದವು. ಅವನು ಅವುಗಳತ್ತ ಮುಖ ಕೂಡ ಹೊರಳಿಸದೆ ಮುಂದೆ ನಡೆದ.

ಗದಗ ಮತ್ತು ಬೆಟಗೇರಿಯ ನಡುವೆ ಒಂದು ಉಚಿತ ಬೋರ್ಡಿಂಗು ಇತ್ತು. ಹಳ್ಳಿಯ ಬಡ ವಿದ್ಯಾರ್ಥಿಗಳು ಅಲ್ಲಿ ಉಂಡು, ಮಲಗಿ, ಊರ ಶಾಲೆಗೆ ಹೋಗುತ್ತಿದ್ದರು. ಅದನ್ನು ನಡೆಸುತ್ತಿದ್ದವರು ಗಾಳೆಪ್ಪ ಮಾಸ್ತರರು. ಖಾದಿ ಟೋಪಿ, ಮೊಳಕಾಲಿಗೆ ಬರುವ ಧೋತರ, ಮತ್ತು ಪಿಸುಗುಟ್ಟಿದರೂ ಹೊರಗಿನ ರಸ್ತೆಗೆ ಕೇಳುವ ದನಿ. ಹುಚ್ಚೀರಪ್ಪ ಕೈಮುಗಿದು, ದೂರದಿಂದ ಬಂದಿದ್ದೇನೆ, ಒಂದು ಮೂಲೆ ಸಾಕು ಎಂದ. ಮಾಸ್ತರರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಕಲಿಯಲು ವಯಸ್ಸಿನ ಕಟ್ಟಿಲ್ಲ, ಇರಲು ಅಡ್ಡಿಯಿಲ್ಲ, ಆದರೆ ಇಲ್ಲಿಯ ನೇಮಗಳು ಎಲ್ಲರಿಗೂ ಒಂದೇ ಎಂದು ಹೇಳಿ ನೇಮಗಳನ್ನು ಒಂದೊಂದಾಗಿ ವಿವರಿಸತೊಡಗಿದರು. ಗಂಟೆ ಬಾರಿಸಿದ ಕೂಡಲೇ ಏಳುವುದು, ಪ್ರಾರ್ಥನೆ, ಕಸ ಗುಡಿಸುವುದು, ತಮ್ಮ ತಾಟು ತಾವೇ ತೊಳೆಯುವುದು.

"ಇಲ್ಲಿ ಸಣ್ಣವರು ದೊಡ್ಡವರು ಅಂತ ಇಲ್ರಿ. ಉಂಡವರು ಪಾಳಿ ಬಂದಾಗ ಜೋಳಿಗಿ ಹಿಡೀಬೇಕು. ಆತೇನ್ರಿ?" ಎಂದರು ಮಾಸ್ತರರು.

"ಆತ್ರಿ," ಎಂದ ಹುಚ್ಚೀರಪ್ಪ. ಅವನ ಕಿವಿಗೆ ಬಿದ್ದದ್ದು ಉಂಡವರು ಎಂಬ ಮಾತೊಂದೇ. ಮಲಗಲು ಮಾತ್ರ ಜಾಗ ಕೇಳಿ ಬಂದವನಿಗೆ ಊಟವೂ ಇದೆ ಎಂದು ತಿಳಿದ ಮೇಲೆ ಉಳಿದ ಮಾತುಗಳು ತಲೆಯೊಳಗೆ ಇಳಿಯುವುದು ಕಷ್ಟ. ಸಿದ್ದಲಿಂಗವ್ವನ ಬುತ್ತಿಯನ್ನು ಹಾಗೆಯೇ ಗಂಟುಕಟ್ಟಿ ತಲೆದಿಂಬು ಮಾಡಿಕೊಂಡು, ಪಂಕ್ತಿಯಲ್ಲಿ ಕೂತು ಬಿಸಿ ರೊಟ್ಟಿ, ಝುಣಕ ಹೊಡೆದು, ಟ್ರಂಕುಗಳ ಸಾಲಿನ ಪಕ್ಕದಲ್ಲಿ ಚಾಪೆ ಹಾಸಿದ. ಹುಡುಗರು ಅವನನ್ನು ಕಾಕಾ ಎಂದು ಕರೆದರು. ಅವನಿಗೆ ಬಹಳ ಹಿತವಾಯಿತು.

ಮಾರನೆಯ ದಿನ ಅವನು ಹಿತ್ತಾಳೆ ಗುಂಡಿಯ ಕೋಟು ತೊಟ್ಟು, ರುಮಾಲು ಬಿಗಿದು ಬೆಟಗೇರಿಯ ಮುದಕಪ್ಪನ ಮನೆಗೆ ಹೋದ. ಆ ಕೋಟಿನ ಬಗ್ಗೆ ಒಂದು ಮಾತು. ಅವನು ಅದನ್ನು ದಾರಿಯಲ್ಲಿ ಒಳಮೈ ಹೊರಗೆ ಮಾಡಿ ತೊಡುತ್ತಿದ್ದ, ಬೀಗರ ಓಣಿ ಬಂದ ಕೂಡಲೇ ತಿರುವಿ ಹಾಕಿಕೊಳ್ಳುತ್ತಿದ್ದ. ಹೀಗಾಗಿ ಹತ್ತು ವರ್ಷದ ಕೋಟು ಆಗ ತಾನೆ ಹೊಲಿಸಿದ ಹಾಗೆ ಕಾಣುತ್ತಿತ್ತು. ಮುದಕಪ್ಪ ಗಾದಿಯ ಮೇಲೆ ಕೂಡಿಸಿ ಉಪಚರಿಸಿದ. ಸ್ವಭಾವತಃ ಧಾರಾಳಿ, ಮಾತೆತ್ತಿದರೆ ನಗುವವನು. ಹುಚ್ಚೀರಪ್ಪ ಹೊಲವನ್ನು ಇಮ್ಮಡಿ ಮಾಡಿ, ಅಂಗಡಿಯನ್ನು ಮಹಡಿ ಮಾಡಿ ಹೇಳಿದ. ಎಲ್ಲಿ ಇಳಿದಿದ್ದೀರಿ ಎಂದು ಮುದಕಪ್ಪ ಕೇಳಿದ್ದಕ್ಕೆ, ದೊಡ್ಡ ಕಟ್ಟಡ, ಆಳುಕಾಳು ಬಹಳ, ಬೆಳಿಗ್ಗೆ ಗಂಟೆ ಬಾರಿಸಿ ಎಬ್ಬಿಸುತ್ತಾರೆ ಎಂದ. ಇದರಲ್ಲಿ ಸುಳ್ಳೇನೂ ಇರಲಿಲ್ಲ.

ಒಳಬಾಗಿಲ ಮರೆಯಲ್ಲಿ ಮುದಕಪ್ಪನ ಹೆಂಡತಿ ದೇವವ್ವ ನಿಂತಿದ್ದಳು. ಸೊಂಟದಲ್ಲಿ ಕೀಲಿಕೈಯ ಗೊಂಚಲು, ಮುಖದಲ್ಲಿ ನಗೆಯ ಸುಳಿವಿಲ್ಲ. ಆ ಮನೆಯಲ್ಲಿ ಮಾತಾಡುವವನು ಮುದಕಪ್ಪ, ತೀರ್ಮಾನಿಸುವವಳು ದೇವವ್ವ ಎಂಬುದು ಓಣಿಗೆಲ್ಲ ಗೊತ್ತು. ಉತ್ಸವದ ದಿನ ನಿಮ್ಮ ಮನೆಯವರನ್ನೂ ಕರೆಸಿ, ಅಂದೇ ಸಕ್ಕರೆ ಹಂಚೋಣ ಎಂದು ಮುದಕಪ್ಪ ಹೇಳಿದ. ದೇವವ್ವ ಕೀಲಿಕೈಯ ಗೊಂಚಲನ್ನು ಸರಿಮಾಡಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಗಂಟೆ ಬಾರಿಸಿತು. ಪ್ರಾರ್ಥನೆಯಾದ ಮೇಲೆ ಗಾಳೆಪ್ಪ ಮಾಸ್ತರರು ಹುಚ್ಚೀರಪ್ಪನ ಹೆಗಲಿಗೆ ಒಂದು ಬಿಳಿ ಜೋಳಿಗೆ ತೂಗುಹಾಕಿದರು. ಆ ಬೋರ್ಡಿಂಗು ನಡೆಯುತ್ತಿದ್ದುದೇ ಹಾಗೆ. ಊರಿನ ಹೆಣ್ಣುಮಕ್ಕಳು ದಿನವೂ ರೊಟ್ಟಿ ಬಡಿಯುವ ಮುಂಚೆ ಒಂದು ಹಿಡಿ ಜೋಳದ ಹಿಟ್ಟನ್ನು ಬೇರೆ ಗಡಿಗೆಗೆ ಹಾಕಿಡುವರು. ಬೋರ್ಡಿಂಗಿನವರು ಪಾಳಿಯ ಮೇಲೆ ಮನೆಮನೆಗೆ ಹೋಗಿ ಆ ಹಿಟ್ಟನ್ನು ಜೋಳಿಗೆಯಲ್ಲಿ ತರುವರು. ಹುಚ್ಚೀರಪ್ಪ ಎರಡು ದಿನದಿಂದ ತಿಂದ ರೊಟ್ಟಿಗಳೆಲ್ಲ ಹೀಗೆ ಬಂದವು ಎಂದು ಅವನಿಗೆ ಆಗ ತಿಳಿಯಿತು.

ಅವನು ಮೊದಲು ತಲೆನೋವು ಎಂದ. ಆಮೇಲೆ ಮೊಣಕಾಲು ಎಂದ. ಯಾವುದೂ ನಡೆಯದಿದ್ದಾಗ, ಬೇಕಾದರೆ ಗದಗಿನ ಯಾವ ಓಣಿಗಾದರೂ ಹೋಗುತ್ತೇನೆ, ಬೆಟಗೇರಿಯ ಸೀರೆ ವ್ಯಾಪಾರಿಗಳ ಓಣಿಯೊಂದು ಬೇಡ ಎಂದು ಬೇಡಿಕೊಂಡ. ಮಾಸ್ತರರ ಕಣ್ಣು ಅರಳಿತು. ಮನುಷ್ಯನ ಅಹಂಕಾರ ಎಲ್ಲಿ ಅಡಗಿದೆಯೋ ಅಲ್ಲಿಗೇ ಅವನನ್ನು ಕಳಿಸಬೇಕು ಎಂಬುದು ಅವರ ಶಿಕ್ಷಣ ಪದ್ಧತಿ. ಅದೇ ಓಣಿಗೆ ಕರೆದುಕೊಂಡು ಹೋಗುವುದಾಗಿ ಹೇಳಿ, ಹೊಸಬನಿಗೆ ಧೈರ್ಯ ಬರಲೆಂದು ತಾವೇ ಜೊತೆಗೆ ಹೊರಟರು.

ಹುಚ್ಚೀರಪ್ಪ ಕೋಟನ್ನು ತಿರುವಿ ತೊಟ್ಟ, ರುಮಾಲಿನ ಸೆರಗನ್ನು ಕಣ್ಣಿನ ತನಕ ಸುತ್ತಿಕೊಂಡ, ಬೆನ್ನು ಬಾಗಿಸಿ ನಡೆದ. ಹಾಗೆ ಮುಖ ಮುಚ್ಚಿಕೊಂಡು ಹೋದವನು ಓಣಿಯ ಕಣ್ಣಿಗೆ ಬೀಳದೆ ಇರಬಹುದಿತ್ತೇನೋ, ಪಕ್ಕದಲ್ಲಿ ಗಾಳೆಪ್ಪ ಮಾಸ್ತರರು ಇರದಿದ್ದರೆ. ಪ್ರತಿ ಮನೆಯ ಮುಂದೆ ಅವರು "ಬೋರ್ಡಿಂಗಿನ ಹಿಟ್ಟು ನೀಡ್ರೆವ್ವಾ" ಎಂದು ಕೂಗಿದಾಗ ಆಚೆ ಓಣಿಯ ಮಗ್ಗಗಳು ಕೂಡ ಒಂದು ಕ್ಷಣ ನಿಲ್ಲುತ್ತಿದ್ದವು. ಮುದಕಪ್ಪನ ಮನೆಯ ಮುಂದೆ ದೇವವ್ವ ಗಡಿಗೆ ತಂದು ಹಿಟ್ಟು ಸುರಿದಳು. ಹುಚ್ಚೀರಪ್ಪ ನೆಲ ನೋಡುತ್ತ ಉಸಿರು ಬಿಗಿಹಿಡಿದು ನಿಂತ. ಹಿಟ್ಟಿನ ಧೂಳು ಮೇಲೆದ್ದು ಮೂಗಿಗೆ ಹೊಕ್ಕಿತು. ಅವನು ಸೀನಿದ. ಅದು ಸಣ್ಣ ಸೀನಲ್ಲ. ರುಮಾಲಿನ ಸೆರಗು ಹಾರಿ ಹೆಗಲಿಗೆ ಬಿತ್ತು, ಮೀಸೆಯ ತುಂಬ ಹಿಟ್ಟು ಹೊತ್ತ ಮುಖ ಬೀಗತಿಯ ಎದುರಿಗೆ ಬಂತು.

ದೇವವ್ವನ ಕೈ ಗಡಿಗೆಯ ಸಮೇತ ನಿಂತುಬಿಟ್ಟಿತು.

"ಕೈ ತಡೀಬ್ಯಾಡವ್ವಾ," ಎಂದರು ಮಾಸ್ತರರು, "ಇವರು ಹೊಸಬ್ರು, ಇನ್ನೂ ನಾಚ್ತಾರ."

ಆ ಹೊತ್ತು ಏರುವುದರೊಳಗೆ ಓಣಿ ಎರಡು ಪಕ್ಷವಾಯಿತು. ಎದುರುಮನೆಯ ಹನಮಂತವ್ವನದು ಒಂದು ಪಕ್ಷ. ನಿನ್ನೆ ಕೋಟು ತೊಟ್ಟು ಬಂದವನು ಇಂದು ಹಿಟ್ಟಿಗೆ ಬಂದನೆಂದರೆ ಮನೆ ಮುಳುಗಿದೆ ಎಂದೇ ಅರ್ಥ ಎಂದು ಅವಳು ಹೇಳಿದಳು. ನೀರಿಗೆ ಹೋದವರು ಬರುವಷ್ಟರಲ್ಲಿ ಕೊರ್ಲಹಳ್ಳಿಯ ಹೊಲ ಹೊಳೆ ಪಾಲಾಗಿ, ಮುಂಡರಗಿಯ ಅಂಗಡಿಗೆ ಬೆಂಕಿ ಬಿದ್ದಿತ್ತು. ಮಗ್ಗದ ಮಾಶಾಕನದು ಇನ್ನೊಂದು ಪಕ್ಷ. ದೊಡ್ಡ ದೊಡ್ಡವರು ಶಾಲೆ ಕಟ್ಟಿಸಲು ತಾವೇ ಜೋಳಿಗೆ ಹಿಡಿದು ಬೀದಿಗಿಳಿಯುವುದನ್ನು ಈ ಕಣ್ಣಿಂದ ನೋಡಿದ್ದೇನೆ, ಸಾವಕಾರ ಆಸ್ತಿಯನ್ನೆಲ್ಲ ಬೋರ್ಡಿಂಗಿಗೆ ಬರೆದಿರಬೇಕು ಎಂದು ಅವನು ಹೇಳಿದ. ಸಂತೆಗೆ ಹೋದವರು ಬರುವಷ್ಟರಲ್ಲಿ ಹುಚ್ಚೀರಪ್ಪ ಕಾವಿ ಉಡುವ ಮುಹೂರ್ತವೂ ಗೊತ್ತಾಗಿತ್ತು.

ಮುದಕಪ್ಪ ಮಾಶಾಕನ ಪಕ್ಷ. ಆದರೂ ಬೀಗಸ್ತನದ ವಿಷಯ, ಕೇಳಿಯೇಬಿಡೋಣ ಎಂದು ಓಣಿಯ ಹಿರಿಯರನ್ನು ಕಟ್ಟಿಕೊಂಡು ಬೋರ್ಡಿಂಗಿಗೆ ಬಂದ. ಹುಚ್ಚೀರಪ್ಪ ಪಂಕ್ತಿಯ ಕೊನೆಯಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದ. ಹಿರಿಯರು ಮಾಸ್ತರರನ್ನು ಕೇಳಿದರು. ಗಾಳೆಪ್ಪ ಮಾಸ್ತರರು ಸತ್ಯವಂತರು, ತಮಗೆ ಗೊತ್ತಿದ್ದಷ್ಟನ್ನೇ ಹೇಳಿದರು. ಇವರು ಯಾರೂ ಕರೆಯದೆ ತಾವಾಗಿಯೇ ಬಂದರು. ಪೇಟೆಯಲ್ಲಿ ಬಾಡಿಗೆಯ ಖೋಲಿಗಳು ಖಾಲಿ ಇದ್ದರೂ ಬಡಮಕ್ಕಳ ನಡುವೆ ಚಾಪೆ ಹಾಸಿದರು. ಮನೆಯ ಬುತ್ತಿ ಇದ್ದರೂ ಮುಟ್ಟದೆ ಇಲ್ಲಿಯ ರೊಟ್ಟಿಯನ್ನೇ ಉಣ್ಣುತ್ತಾರೆ. ಮಾಡಿದ್ದು ಯಾರಿಗೂ ಕಾಣಬಾರದೆಂದು ಮುಖ ಮುಚ್ಚಿಕೊಂಡು ಹಿಟ್ಟು ತಂದರು. ಒಂದೊಂದು ಮಾತಿಗೂ ಹಿರಿಯರ ಕೈ ತಾನಾಗಿಯೇ ಮುಗಿಯತೊಡಗಿತು.

ಮುದಕಪ್ಪ ಹತ್ತಿರ ಬಂದು ಕೂತ. "ಬೀಗ್ರ, ಖರೆ ಹೇಳ್ರಿ. ಇದು ಬಡತನಾನೋ, ದಾನಾನೋ?"

ಹುಚ್ಚೀರಪ್ಪನ ತಲೆಯಲ್ಲಿ ಸಿದ್ದಲಿಂಗವ್ವನ ಮೆತ್ತನೆಯ ದನಿ ಸುಳಿಯಿತು. ಬಡತನ ಎಂದರೆ ಸಂಬಂಧ ಮುರಿಯುತ್ತದೆ. ಮೂರನೆಯದೊಂದು ಇದೆ, ಅದನ್ನು ಹೇಳಿದರೆ ಮಾನ ಹೋಗುತ್ತದೆ. ಅವನು ತುತ್ತು ನುಂಗಿ "ದಾನ" ಎಂದ. ಏನು ದಾನ ಎಂದು ಒಬ್ಬ ಹಿರಿಯ ಕುತೂಹಲದಿಂದ ಕೇಳಿದ. ಹುಚ್ಚೀರಪ್ಪ ಸುತ್ತಲೂ ನೋಡಿದ, ಕಣ್ಣಿಗೆ ಬಿದ್ದದ್ದನ್ನೇ ಹೇಳಿದ.

"ಒಂದು ಖೋಲಿ ಕಟ್ಟಿಸಿಕೊಡತೀನ್ರಿ."

ಇಂಥ ಮಾತು ಬಾಯಿಂದ ಹೊರಬಿದ್ದ ಮೇಲೆ ಒಳಗೆ ಹೋಗುವುದಿಲ್ಲ, ಅದೂ ಗಾಳೆಪ್ಪ ಮಾಸ್ತರರ ಕಿವಿಗೆ ಬಿದ್ದ ಮೇಲೆ. ಅವರು ಅಲ್ಲಿಂದಲೇ ಎದ್ದು ಹೋಗಿ ಗಾರೆ ಕೆಲಸದ ಗೌಂಡಿಯನ್ನು ಕರೆತಂದು ಅಂಗಳದಲ್ಲಿ ಗುರುತು ಹಾಕಿಸಿದರು.

ಉತ್ಸವದ ದಿನ ಊರೆಲ್ಲ ತೋರಣ. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದಿತ್ತು, ಎಲ್ಲರೂ ಎಲ್ಲರಿಗೂ ಸಕ್ಕರೆ ಕೊಡುತ್ತಿದ್ದರು. ಬೋರ್ಡಿಂಗಿನ ಅಂಗಳದಲ್ಲಿ ಸಭೆ. ಸಿದ್ದಲಿಂಗವ್ವ ಸೀರೆ, ಸಕ್ಕರೆಯ ಗಂಟು ಹಿಡಿದು ಮುಂಡರಗಿಯ ಮೋಟಾರಿನಿಂದ ಇಳಿದು, ಗಂಡ ಎಲ್ಲಿದ್ದಾನೆ ಎಂದು ಕೇಳುತ್ತ ಬಂದಳು. ಗಂಡ ವೇದಿಕೆಯ ಮೇಲೆ ಕೊರಳ ತುಂಬ ಚೆಂಡುಹೂವಿನ ಮಾಲೆ ಹಾಕಿಕೊಂಡು, ಗಲ್ಲಿಗೇರುವವನ ಮುಖ ಹೊತ್ತು ಕೂತಿದ್ದ. ಮುದಕಪ್ಪ ನಿಂತು, ಇಂಥ ತ್ಯಾಗಿಯ ಬೀಗಸ್ತನ ನಮ್ಮ ಪೂರ್ವಪುಣ್ಯ ಎಂದು ಭಾಷಣ ಮಾಡುತ್ತಿದ್ದ. ಜನ ಚಪ್ಪಾಳೆ ತಟ್ಟಿದರು. ಸಿದ್ದಲಿಂಗವ್ವ ಪಕ್ಕದವರನ್ನು, ಇವರು ಯಾರ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಕೇಳಿದಳು.

ಅಷ್ಟರಲ್ಲಿ ದೇವವ್ವ ಅವಳ ಕೈ ಹಿಡಿದು ಅಡಿಗೆಮನೆಯ ಬಾಗಿಲಿಗೆ ಕರೆದೊಯ್ದಳು. ಅವಳ ಮುಖ ಬಾಡಿತ್ತು.

"ಅಕ್ಕಾರ, ನಿಮ್ಮ ಮಗಳು ಬಂಗಾರ. ಆದ್ರ ಈ ಸಂಬಂಧ ಬ್ಯಾಡ್ರಿ."

ಸಿದ್ದಲಿಂಗವ್ವನ ಕೈಯಿಂದ ಸಕ್ಕರೆಯ ಗಂಟು ಜಾರಿತು. ದೇವವ್ವ ತನ್ನ ಕಷ್ಟ ತೋಡಿಕೊಂಡಳು. ಅವಳ ಗಂಡನ ಕೈ ಮೊದಲೇ ಸಡಿಲು. ಚಂದಾ ಎಂದವರಿಗೆ ಚಂದಾ, ಸಾಲ ಎಂದವರಿಗೆ ಸೀರೆ. ಈ ಕೀಲಿಕೈ ಸೊಂಟದಲ್ಲಿ ಕಟ್ಟಿಕೊಂಡು ಅವಳು ಮನೆಯನ್ನು ಹೇಗೋ ಹಿಡಿದು ನಿಲ್ಲಿಸಿದ್ದಾಳೆ. ಈಗ ಖೋಲಿ ಕಟ್ಟಿಸಿಕೊಡುವವನ, ಜೋಳಿಗೆ ಹಿಡಿದು ಬೀದಿ ಸುತ್ತುವವನ ಮಗಳು ಸೊಸೆಯಾಗಿ ಬಂದರೆ, ಮಾವನೂ ಸೊಸೆಯೂ ಒಂದಾಗಿ ಮನೆಯ ತೊಲೆ ಕೂಡ ದಾನ ಮಾಡಿಬಿಡುತ್ತಾರೆ. ಬಡವರಾಗಿದ್ದರೆ ತಾನು ಕಣ್ಣು ಮುಚ್ಚಿ ಒಪ್ಪುತ್ತಿದ್ದೆ, ದಾನಿಗಳನ್ನು ಮಾತ್ರ ಸಹಿಸಲಾರೆ ಎಂದಳು.

ಸಿದ್ದಲಿಂಗವ್ವ ಬಿದ್ದ ಗಂಟನ್ನು ಅಲ್ಲೇ ಬಿಟ್ಟಳು. ಆಮೇಲೆ ನೇರವಾಗಿ ವೇದಿಕೆಯ ಬುಡಕ್ಕೆ ಹೋಗಿ ಗಂಡನಿಗೆ ಕೆಳಗಿಳಿಯಲು ಹೇಳಿದಳು. ಅವನು ಮಾಲೆಯ ಸಮೇತ ಇಳಿದು ಅವಳ ಹಿಂದೆ ಅಡಿಗೆಮನೆಯ ಬಾಗಿಲಿಗೆ ಬಂದ. ಹಿಂದೆಯೇ ಮುದಕಪ್ಪ, ಮಾಸ್ತರರು, ಹಿರಿಯರು ಎಲ್ಲರೂ ಬಂದರು.

"ನಮ್ಮ ಮನೆಯವರು ದಾನಿ ಅಲ್ರಿ," ಎಂದಳು ಸಿದ್ದಲಿಂಗವ್ವ ಎಲ್ಲರೆದುರಿಗೆ. "ಜೀನ ಅದಾರ. ಇವರಷ್ಟು ಜೀನರು ಈ ನಾಕು ಊರಾಗ ಇಲ್ಲ. ಬಾಡಿಗಿ ಉಳಸಾಕ ಇಲ್ಲಿ ಬಂದು ಬಿದ್ದಾರ."

ಗಂಡನ ಮರ್ಯಾದೆಯನ್ನು ಹೀಗೆ ನಡುಬೀದಿಯಲ್ಲಿ ಹರಾಜು ಹಾಕುವಾಗ ಅವಳ ಕಣ್ಣಲ್ಲಿ ನೀರಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಯಾರೂ ನಂಬಲಿಲ್ಲ. ನಿಜವಾದ ದಾನಿಗಳ ಮನೆಯವರು ಹೀಗೆಯೇ ಹೇಳುತ್ತಾರೆ ಎಂದು ಮುದಕಪ್ಪ ಜನರತ್ತ ತಿರುಗಿ ಸಾರಿದ. ಹಿರಿಯರು ಇನ್ನೊಮ್ಮೆ ಕೈಮುಗಿದರು. ದೇವವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಮಗಳ ಮದುವೆ ಕಣ್ಣೆದುರಿಗೆ ಜಾರುತ್ತಿತ್ತು. ಇಡೀ ಜನ್ಮ ಜಿಪುಣನಲ್ಲ ಎಂದು ತೋರಿಸಲು ಹೆಣಗಿದ ಹುಚ್ಚೀರಪ್ಪ ಈಗ ಗದಗ-ಬೆಟಗೇರಿಯ ಮಹಾಜನರ ಎದುರಿಗೆ ತಾನು ಜಿಪುಣನೆಂದು ಸಾಧಿಸಿ ತೋರಿಸಬೇಕಾಯಿತು.

ಅವನು ಚಾಪೆಯ ಬಳಿಯಿಂದ ತನ್ನ ಗಂಟು ತಂದು ಬಿಚ್ಚಿದ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಒಂದನ್ನು ಎರಡು ಮಾಡಿದ ಬೆಂಕಿಕಡ್ಡಿಗಳ ಪೆಟ್ಟಿಗೆ ತೋರಿಸಿದ. ಧರ್ಮಶಾಲೆಗಳಲ್ಲಿ ಜನ ಬಿಟ್ಟುಹೋದ ಸಾಬೂನಿನ ಚೂರುಗಳನ್ನು ಒತ್ತಿ ಮಾಡಿದ ಬಣ್ಣಬಣ್ಣದ ಉಂಡೆ ತೋರಿಸಿದ. ಹಿರಿಯರು ಸರಳ ಜೀವನ ಎಂದು ತಲೆದೂಗಿದರು. ಹುಚ್ಚೀರಪ್ಪನಿಗೆ ಅಳು ಬಂತು. ಕೊನೆಗೆ ಅವನು ಮಾಲೆ ಬದಿಗೆ ಸರಿಸಿ ಕೋಟು ಬಿಚ್ಚಿ ದೇವವ್ವನ ಮುಂದೆ ಹಿಡಿದ.

ದೇವವ್ವ ಸೀರೆ ವ್ಯಾಪಾರಿಯ ಹೆಂಡತಿ. ಬಟ್ಟೆ ಅವಳಿಗೆ ಸುಳ್ಳು ಹೇಳುವುದಿಲ್ಲ. ಹೊರಮೈ ಸವರಿದಳು, ಹೊಸದು. ಒಳಮೈ ತಿರುವಿದಳು, ಬಿಸಿಲಿಗೆ ಮಾಸಿ, ಮಳೆಗೆ ಕಲೆ ಹಿಡಿದು, ದಾರಿಯ ಧೂಳೆಲ್ಲ ಅಲ್ಲೇ ಕೂತಿತ್ತು. ಅವಳು ಮತ್ತೊಮ್ಮೆ ತಿರುವಿದಳು. ಅವಳ ಮುಖದಲ್ಲಿ ಆ ಓಣಿಯವರು ವರ್ಷಗಟ್ಟಲೆ ಕಾಣದಿದ್ದ ಒಂದು ನಗೆ ನಿಧಾನವಾಗಿ ಮೂಡಿತು.

"ತಿರುವಿ ಹಾಕ್ಕೊಂತೀರಿ?"

"ಹೌದ್ರಿ," ಎಂದ ಹುಚ್ಚೀರಪ್ಪ ತಲೆ ತಗ್ಗಿಸಿ.

"ಮಗಳಿಗೂ ಕಲಿಸೀರಿ?"

"ಅಕಿ ನನಗಿಂತ ಒಂದು ಕೈ ಮ್ಯಾಲ ಅದಾಳ್ರಿ. ದೀಪ ಹಚ್ಚಿದ್ರ ಎರಡು ಮನಿಗೆ ಬೆಳಕು ಬೀಳೂವಲ್ಲಿ ಇಡತಾಳ, ಆಚಿ ಮನಿಯವರಿಂದ ಅರ್ಧ ಎಣ್ಣಿ ಇಸಗೊಂತಾಳ."

ದೇವವ್ವ ನೆಲದಿಂದ ಸಕ್ಕರೆಯ ಗಂಟನ್ನು ತಾನೇ ಎತ್ತಿಕೊಂಡು ಬಿಚ್ಚಿದಳು. ಮೊದಲನೆಯ ಚಿಟಿಕೆಯನ್ನು ಸಿದ್ದಲಿಂಗವ್ವನ ಬಾಯಿಗೆ ಹಾಕಿದಳು. ಮುದಕಪ್ಪ ಒಬ್ಬ ತ್ಯಾಗಿಯನ್ನು ಕಳೆದುಕೊಂಡ ದುಃಖದಲ್ಲೇ ಸಕ್ಕರೆ ತಿಂದ. ಗಾಳೆಪ್ಪ ಮಾಸ್ತರರು ಮಾತ್ರ ಸಕ್ಕರೆ ಮುಟ್ಟದೆ, ಖೋಲಿಯ ಮಾತು ಏನಾಯಿತು ಎಂದು ಕೇಳಿದರು. ಹುಚ್ಚೀರಪ್ಪ ಆಕಾಶ ನೋಡಿದ. ಸಿದ್ದಲಿಂಗವ್ವ, ಮಾತು ಕೊಟ್ಟ ಮೇಲೆ ಕೊಟ್ಟ ಹಾಗೆಯೇ, ಇವರ ಎಲೆ-ಅಡಿಕೆ, ತಂಬಾಕು, ಸಂಜೆಯ ಚಹಾ ನಿಲ್ಲಿಸಿ ಅದರಲ್ಲೇ ಕಟ್ಟಿಸುತ್ತೇನೆ ಎಂದಳು. ಆ ಖೋಲಿ ಮೇಲೇಳಲು ಬಹಳ ಕಾಲ ಹಿಡಿಯಿತು. ಆದರೆ ಎದ್ದಿತು, ಗೌಂಡಿಗಳು ಅದನ್ನು ಚಹಾದ ಖೋಲಿ ಎಂದೇ ಕರೆಯುತ್ತಿದ್ದರು.

ಮದುವೆ ಆಯಿತು. ಹುಚ್ಚೀರಪ್ಪನ ಕಷ್ಟ ಮಾತ್ರ ಮುಗಿಯಲಿಲ್ಲ. ಮಗಳಿಗೆ ಕೂಸು ಹುಟ್ಟುವ ತನಕ ತಂದೆ ಅವಳ ಮನೆಯಲ್ಲಿ ಉಣ್ಣುವಂತಿಲ್ಲ, ಇದು ನಮ್ಮ ಕಡೆಯ ಪದ್ಧತಿ. ಹೀಗಾಗಿ ಗದಗಿಗೆ ಬಂದಾಗಲೆಲ್ಲ ಅವನು ಬೋರ್ಡಿಂಗಿಗೇ ಬಂದು ಚಾಪೆ ಹಾಸುವನು, ಬೆಳಿಗ್ಗೆ ಜೋಳಿಗೆ ಹಿಡಿಯುವನು. ಯಾವ ಓಣಿ ಎಂದು ಮಾಸ್ತರರು ಕೇಳುವ ಮುಂಚೆಯೇ ಬೆಟಗೇರಿಯ ದಾರಿ ಹಿಡಿದಿರುತ್ತಿದ್ದ. ಕೋಟು ತಿರುವಿರಲಿಲ್ಲ, ಮುಖ ಮುಚ್ಚಿರಲಿಲ್ಲ. ಮಗಳ ಬಾಗಿಲಲ್ಲಿ ನಿಂತು ಕೂಗುವಾಗ ಅವನ ದನಿ ಮಾಸ್ತರರ ದನಿಯನ್ನೂ ಮೀರಿಸುತ್ತಿತ್ತು.

ಒಂದು ಬೆಳಿಗ್ಗೆ ಕಸ್ತೂರೆವ್ವ ಅತ್ತೆಯ ಕಣ್ಣು ತಪ್ಪಿಸಿ ಒಂದು ಹಿಡಿಯ ಬದಲು ಗಡಿಗೆಯನ್ನೇ ಜೋಳಿಗೆಗೆ ಬರಿದು ಮಾಡಿದಳು. ಅಪ್ಪನನ್ನು ಹೊಸ್ತಿಲ ಒಳಗೆ ಕರೆದು ಒಂದು ತುತ್ತು ಬಡಿಸಲಾಗದ ಸಂಕಟ ಅವಳದು.

"ಅಪ್ಪಾ, ಬೋರ್ಡಿಂಗಿನ್ಯಾಗ ಊರ ಹಿಟ್ಟೆಲ್ಲಾ ಕೂಡಿಸಿ ರೊಟ್ಟಿ ಬಡೀತಾರ. ಅದರಾಗ ನನ್ನ ಮನಿ ರೊಟ್ಟಿ ಯಾವುದು ಅಂತ ನಿನಗ ಹ್ಯಾಂಗ ಗೊತ್ತಾಕ್ಕೈತಿ?" ಎಂದು ಕೇಳಿದಳು.

ಹುಚ್ಚೀರಪ್ಪ ಜೋಳಿಗೆಯನ್ನು ಹೆಗಲಿಗೆ ಸರಿಮಾಡಿಕೊಂಡ.

"ಗೊತ್ತಾಗೂದಿಲ್ಲವ್ವಾ," ಎಂದ. "ಅದಕ್ಕ ನಾನು ಒಂದೂ ಬಿಡೂದಿಲ್ಲ."